ಆರು ಸುತ್ತಿಗೆ ಆರು ಬಣ್ಣ

ಇದು ಹತ್ತು ಶನಿವಾರಗಳ ಕಥೆ. ಮೊದಲನೆಯ ಶನಿವಾರ ಜಗಳವಾಯಿತು. ಎರಡನೆಯದರಿಂದ ಆರನೆಯದರವರೆಗೆ ಮಾತು ಬೆಳೆಯಿತು. ಏಳನೆಯ ಶನಿವಾರ ಒಂದು ಪೊಟ್ಟಣ ಅವನ ಕೈಯಿಂದ ಅವಳ ಕೈಗೆ ಬಂತು. ಎಂಟು ಮತ್ತು ಒಂಬತ್ತನೆಯ ಶನಿವಾರಗಳಲ್ಲಿ ಅವರು ಭೇಟಿಯಾಗಲಿಲ್ಲ. ಹತ್ತನೆಯದರ ವಿಷಯವನ್ನು ಅದರ ಸರದಿ ಬಂದಾಗ ಹೇಳುವುದೇ ಸರಿ.

ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ದಾರದಂಗಡಿಯ ಗಾಜಿನ ಬಾಗಿಲನ್ನು ತಳ್ಳಿಕೊಂಡು ಅವಳು ಒಳಗೆ ಬಂದಾಗ ಮುಂದಿನ ಮೇಜಿನ ಹಿಂದೆ ಯಾರೂ ಇರಲಿಲ್ಲ. ಗೋಡೆಯುದ್ದಕ್ಕೂ ಮರದ ಗೂಡುಗಳಲ್ಲಿ ಉಲ್ಲನ್ ಉಂಡೆಗಳಿದ್ದವು. ಹಿಂಬದಿಯ ಕೋಣೆಯಿಂದ ಬಿಸಿ ಆವಿ ಮತ್ತು ಒದ್ದೆ ಉಣ್ಣೆಯ ವಾಸನೆ ತೇಲಿಬರುತ್ತಿತ್ತು.

"ಇಲ್ಲಿ ದಾರಕ್ಕೆ ಬಣ್ಣ ಹಾಕೋರು ಯಾರು?"

"ನಾನೇ. ಹೇಳಿ."

ಹಿಂದಿನ ಕೋಣೆಯಿಂದ ಹೊರಬಂದವನ ಎರಡೂ ಕೈಗಳು ಮಣಿಕಟ್ಟಿನವರೆಗೆ ನೀಲಿಯಾಗಿದ್ದವು. ಅವಳು ಒಂದು ಕ್ಷಣ ಆ ಕೈಗಳನ್ನೇ ನೋಡಿದಳು. ನಂತರ ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಬೋರಲು ಮಾಡಿದಳು. ಬಣ್ಣಬಣ್ಣದ ಇಪ್ಪತ್ತಮೂರು ದಾರದ ತುಂಡುಗಳು ಉದುರಿದವು.

"ಇಷ್ಟೂ ನಾನು ಕತ್ತರಿಸಿ ತೆಗೆದಿದ್ದು. ಸುತ್ತು ಮುಗಿಯೋಕೆ ಮುಂಚೆ ನಿಮ್ಮ ಬಣ್ಣ ಮುಗಿಯುತ್ತೆ. ಇಲ್ಲಾಂದ್ರೆ ಬಣ್ಣ ಮುಗಿಯೋಕೆ ಮುಂಚೆ ಸುತ್ತು ಮುಗಿಯುತ್ತೆ. ನೀವು ಯಾವ ಲೆಕ್ಕದಲ್ಲಿ ಬಣ್ಣ ಹಾಕ್ತೀರಿ?"

"ಕತ್ತರಿಸಿದ್ರಾ?" ಎಂದ ಅವನು. ತನ್ನ ತಲೆಗೂದಲನ್ನೇ ಯಾರೋ ಹೇಳದೆ ಕೇಳದೆ ಕತ್ತರಿಸಿದಂತಿತ್ತು ಅವನ ಮುಖ.

ಅವಳು ಕೊಂಡಿದ್ದು ತಾನೇ ಪಟ್ಟೆ ಮೂಡಿಸುವ ದಾರ. ಒಂದೇ ಎಳೆಯಲ್ಲಿ ಎರಡು ಮೀಟರ್ ಹಳದಿ, ನಂತರ ಎರಡು ಮೀಟರ್ ಕಿತ್ತಳೆ, ಅನಂತರ ಕೆಂಪು... ಹೀಗೆ ಬಣ್ಣ ಬದಲಾಗುತ್ತ ಹೋಗುತ್ತದೆ. ಹೆಣೆಯುವವರು ಬೇರೆ ಬಣ್ಣದ ಎಳೆ ಸೇರಿಸಬೇಕಿಲ್ಲ, ಗಂಟು ಹಾಕಬೇಕಿಲ್ಲ.

ಅವಳು ಹೆಣೆಯುತ್ತಿದ್ದುದು ಗ್ರ್ಯಾನಿ ಸ್ಕ್ವೇರ್. ಅವಳ ಅತ್ತಿಗೆ ಅದಕ್ಕೆ 'ಅಜ್ಜಿ ಚೌಕ' ಎಂದು ಹೆಸರಿಟ್ಟಿದ್ದಳು. ಒಂದೇ ಕ್ರೋಶಾ ಕಡ್ಡಿಯಿಂದ ನಟ್ಟನಡುವೆ ಆರಂಭಿಸಿ, ಸುತ್ತು ಸುತ್ತಾಗಿ ಹೊರಕ್ಕೆ ಬೆಳೆಸುವ ಚೌಕ ಅದು. ಕಡ್ಡಿಯಿಂದ ಎಳೆದ ಒಂದು ಉದ್ದನೆಯ ಹೊಲಿಗೆ ಒಂದು ಕಂಬ, ಮೂರು ಕಂಬ ಸೇರಿದರೆ ಒಂದು ಗೊಂಚಲು. ಮೊದಲ ಸುತ್ತಿಗೆ ನಾಲ್ಕು ಗೊಂಚಲು, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹನ್ನೆರಡು. ಸುತ್ತುಗಳು ಬೆಳೆಯುತ್ತವೆ, ದಾರದ ಬಣ್ಣಗಳು ಮಾತ್ರ ಎರಡು ಮೀಟರಿಗೇ ನಿಲ್ಲುತ್ತವೆ. ಹೀಗಾಗಿ ಬಣ್ಣ ಬದಲಾಗುವ ಜಾಗ ಒಂದೊಂದು ಸುತ್ತಿನಲ್ಲಿ ಒಂದೊಂದು ಕಡೆ ಬೀಳುತ್ತದೆ. ಅವಳಿಗೆ ಒಂದು ಸುತ್ತಿಗೆ ಒಂದೇ ಬಣ್ಣ ಬೇಕಿತ್ತು.

"ಕತ್ತರಿ ಮುಟ್ಟದೆ ಹೆಣೆಯೋಕೇ ಜನ ಈ ದಾರ ತಗೊಳ್ಳೋದು," ಎಂದು ಬಣ್ಣಗಾರ ಮೆಲ್ಲಗೆ ಹೇಳಿದ. "ಬಣ್ಣ ಎಲ್ಲಿ ಬದಲಾಗುತ್ತೋ ಅಲ್ಲೇ ಬದಲಾಗ್ಲಿ ಬಿಡಿ. ಅದೇ ಅದರ ಚಂದ."

"ನಾನು ಕನ್ನಡಕದ ಅಂಗಡೀಲಿ ಲೆನ್ಸ್ ಕೂರಿಸೋಳು. ಲೆನ್ಸ್ ಎಲ್ಲಿ ಕೂರುತ್ತೋ ಅಲ್ಲೇ ಕೂರ್ಲಿ ಅಂತ ಬಿಟ್ರೆ ನಿಮಗೆ ಎರಡೇ ದಿನದಲ್ಲಿ ತಲೆನೋವು ಬರುತ್ತೆ. ಅದು ಚಂದಾನಾ?"

ಅವನು ಮೇಜಿನ ಖಾನೆಯಿಂದ ಉಕ್ಕಿನ ಟೇಪು ತೆಗೆದ. ಇಪ್ಪತ್ತಮೂರು ತುಂಡುಗಳನ್ನು ಒಂದೊಂದಾಗಿ ನೇರ ಮಾಡಿ, ಎಳೆದು ಹಿಗ್ಗಿಸದೆ ಅಳೆದು, ಉದ್ದದ ಪ್ರಕಾರ ಸಾಲಾಗಿ ಜೋಡಿಸಿದ. ಹನ್ನೊಂದು ನಿಮಿಷ ಹಿಡಿಯಿತು. ಆ ಹನ್ನೊಂದು ನಿಮಿಷವೂ ಅವಳು ನಿಂತೇ ಇದ್ದಳು.

*ಉಣ್ಣೆಯನ್ನು ಎಳೆಯದೆ ಅಳೆಯಬೇಕು ಅಂತ ಇವನಿಗೆ ಗೊತ್ತಿದೆ...*

ಜಗಳಕ್ಕೆಂದು ಬಂದವಳು ಮನೆಗೆ ಮರಳುವಾಗ ಜಗಳದ ಅರ್ಧವನ್ನು ಮರೆತಿದ್ದಳು.

ಅವಳ ಮನೆಯೆಂದರೆ ಅಣ್ಣನ ಮನೆ. ಎರಡನೇ ಮಹಡಿ, ಮೂರು ಕೋಣೆ. ತನ್ನ ಮಂಚಕ್ಕೊಂದು ಹೊದಿಕೆ ಮಾಡಿಕೊಳ್ಳಬೇಕೆಂಬುದು ಅವಳ ಯೋಜನೆ: ಎಂಟು ಸಾಲು, ಸಾಲಿಗೆ ಆರು ಚೌಕ. ಅತ್ತಿಗೆ ಕ್ರೋಶಾ ಕಲಿಸಿದ್ದು ಹೊತ್ತು ಹೋಗಲೆಂದು. ನಾದಿನಿ ಅದಕ್ಕೂ ನಕ್ಷೆ ಬರೆದಾಗ ಅವಳಿಗೆ 'ಮಿಲಿಮೀಟರಮ್ಮ' ಎಂದು ಅಡ್ಡಹೆಸರಿಟ್ಟಳು.

ಅವಳನ್ನು ನೋಡಲು ಈವರೆಗೆ ಮೂವರು ಗಂಡುಗಳು ಬಂದುಹೋಗಿದ್ದರು. ಮೂವರ ಮನೆಯಿಂದಲೂ ಹೆಚ್ಚುಕಡಿಮೆ ಒಂದೇ ಮಾತು ಬಂದಿತ್ತು: ಹುಡುಗಿ ತುಂಬಾ ಕಟ್ಟುನಿಟ್ಟು. ಅವಳು ಅತ್ತಿರಲಿಲ್ಲ. ತನಗೆ ಬೇಕಾದದ್ದು ಏನೆಂದು ಅವರಲ್ಲಿ ಒಬ್ಬರಾದರೂ ಕೇಳಬಹುದಿತ್ತು ಎಂದಷ್ಟೇ ಅನ್ನಿಸಿತ್ತು.

ಎರಡನೆಯ ಶನಿವಾರ ಅವಳು ಹೊಸ ಉಂಡೆ ಬೇಕೆಂಬ ನೆಪದಿಂದ ಹೋದಳು. ಮೂರನೆಯ ಶನಿವಾರ ನೆಪವನ್ನು ಹುಡುಕುವುದಕ್ಕೇ ಮರೆತಳು.

ಅಂಗಡಿ ಬಣ್ಣಗಾರನ ದೊಡ್ಡಮ್ಮನದು. ತಾಯಿಯ ಅಕ್ಕನಾದ ಆಕೆಯೇ ಅವನನ್ನು ಸಾಕಿ ಬೆಳೆಸಿದವಳು. ಗಿರಾಕಿಗಳೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯ ಮಾತೆಲ್ಲ ಆಕೆಯದು, ಬಣ್ಣವೆಲ್ಲ ಅವನದು. ಅವನು ಬಾಯಿ ಬಿಡುವುದು ಬಣ್ಣದ ಪಾತ್ರೆ ಉಕ್ಕಿದಾಗ ಮಾತ್ರ ಎಂದು ದೊಡ್ಡಮ್ಮ ಹಾಸ್ಯ ಮಾಡುತ್ತಿದ್ದಳು.

ಆದರೆ ಅವಳೊಡನೆ ಅವನು ಮಾತಾಡಿದ. ಹಿಂದಿನ ಕೋಣೆಯ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಗೋಡೆಗೆ ನಿಲ್ಲಿಸಿದ ಮರದ ಚೌಕಟ್ಟನ್ನು ತೋರಿಸಿದ. ದೊಡ್ಡಮ್ಮನ ತೀರಿಹೋದ ಯಜಮಾನರು ಸ್ವಂತ ಕೈಯಿಂದ ಮಾಡಿದ್ದು ಅದು. ಚೌಕಟ್ಟಿನ ಗೂಟಗಳಿಗೆ ಬಿಳಿಯ ದಾರವನ್ನು ಸುತ್ತಿ, ಬಣ್ಣ ಬದಲಾಗಬೇಕಾದ ಕಡೆ ಬಿಗಿಯಾಗಿ ಕಟ್ಟು ಹಾಕಿ, ಒಂದೊಂದು ಭಾಗವನ್ನು ಒಂದೊಂದು ಪಾತ್ರೆಯ ಬಣ್ಣದಲ್ಲಿ ಅದ್ದುವುದು ಅವನ ಕೆಲಸ. ಎರಡು ಗೂಟಗಳ ನಡುವಿನ ದೂರವೇ ಬಣ್ಣದ ಉದ್ದ.

ಅವಳು ತನ್ನ ಕೆಲಸದ ಬಗ್ಗೆ ಹೇಳಿದಳು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಅಲ್ಲ, ಎರಡು ಮಿಲಿಮೀಟರ್ ತಪ್ಪಿದರೂ ಜಗತ್ತು ಓರೆಯಾಗಿ ಕಾಣುತ್ತದೆ ಎಂದಳು. ಅವನು ಪಾತ್ರೆ ಕಲಕುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

ನಾಲ್ಕನೆಯ ಶನಿವಾರ ಆ ಬೆಂಚಿನ ಮೇಲೆ ಕುಳಿತು, ಅವನೊಡನೆ ಮಾತಾಡುತ್ತಲೇ, ಅವಳು ಆರು ಸುತ್ತಿನ ಒಂದು ಬಿಳಿಯ ಚೌಕ ಹೆಣೆದಳು. ಇದನ್ನು ಇಟ್ಟುಕೊಳ್ಳಬಹುದೇ ಎಂದು ಅವನು ಕೇಳಿದ. ಏಕೆಂದು ಅವಳು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಈ ಕಥೆ ಎಂಟನೆಯ ಶನಿವಾರಕ್ಕೇ ಮುಗಿಯುತ್ತಿತ್ತು.

ಏಳನೆಯ ಶನಿವಾರ ಅವನು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ. ಒಳಗೆ ನಾಲ್ಕು ಉಂಡೆಗಳಿದ್ದವು. ಅವನು ಹೇಳಿದ್ದು ಒಂದೇ ವಾಕ್ಯ.

"ಹೆಣೆದು ನೋಡಿ... ಹೇಗಾಯ್ತು ಅಂತ ಹೇಳಿ."

ಮನೆಗೆ ಬಂದು ಅವಳು ಮೊದಲ ಎಳೆ ಬಿಡಿಸಿದಳು. ಅರಿಶಿನ ಹಳದಿ ಬೇಗ ಮುಗಿಯಿತು. ಕಿತ್ತಳೆ ಅದಕ್ಕಿಂತ ಉದ್ದವಿತ್ತು. ಇಟ್ಟಿಗೆ ಕೆಂಪು ಇನ್ನೂ ಉದ್ದ. ನಂತರ ನೀಲಿ, ಅನಂತರ ನೇರಳೆ, ಕೊನೆಗೆ ಕಡುಹಸಿರು. ಹಸಿರು ಮುಗಿದ ಕೂಡಲೇ ಮತ್ತೆ ಚಿಕ್ಕ ಹಳದಿ...

ಅವಳ ಕೈ ನಿಂತಿತು.

ಸುತ್ತು ಬೆಳೆದಂತೆ ಬಣ್ಣವೂ ಬೆಳೆಯುವ ದಾರ. ಆರು ಸುತ್ತಿಗೆ ಆರು ಬಣ್ಣ. ಇಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವಳಿಗೆ ಬೇಕಾದದ್ದು ಏನೆಂದು ಒಬ್ಬರು ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡು, ಅಳೆದು, ಮಾಡಿಯೂ ಕೊಟ್ಟಿದ್ದರು.

*ನನಗೋಸ್ಕರ...*

ಮರುದಿನ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು ಅವಳು ಹೆಣೆಯಲಾರಂಭಿಸಿದಳು. ಎದೆ ಬಡಿದುಕೊಳ್ಳುತ್ತಿದ್ದುದು ಅವಳಿಗೆ ಗೊತ್ತಿತ್ತು. ಅಡುಗೆಮನೆಯಿಂದ ಅತ್ತಿಗೆ ಇಣುಕಿ ನೋಡುತ್ತಿದ್ದುದೂ ಗೊತ್ತಿತ್ತು. ಒಂದೊಂದು ಕಂಬವನ್ನೂ ಒಂದೇ ಎತ್ತರಕ್ಕೆ ಎಳೆದಳು. ಒಂದೂ ತಪ್ಪಬಾರದು.

ಮೊದಲ ಸುತ್ತು ಮುಗಿದಾಗ ಹಳದಿ ನಾಲ್ಕು ಸೆಂಟಿಮೀಟರ್ ಉಳಿದಿತ್ತು. ಇರಲಿ ಎಂದುಕೊಂಡಳು. ಹಿಂದಿನ ಉಳಿಕೆಯೂ ಸೇರಿ ಎರಡನೆಯ ಸುತ್ತಿನ ಕೊನೆಗೆ ಕಿತ್ತಳೆ ಹನ್ನೊಂದು ಉಳಿಯಿತು. ನಾಲ್ಕನೆಯದರ ಕೊನೆಗೆ ನೀಲಿ ಮೂವತ್ನಾಲ್ಕು. ಉಳಿದ ನೀಲಿ ಐದನೆಯ ಸುತ್ತಿಗೆ ನುಗ್ಗಿ, ನೇರಳೆಯ ಮೂಲೆಯೊಂದನ್ನು ಕೆಡಿಸಿತು. ಆರನೆಯ ಸುತ್ತು ಮುಗಿಯುವಾಗ ಹಸಿರು ಅರವತ್ತೊಂಬತ್ತು ಸೆಂಟಿಮೀಟರ್ ಮಿಕ್ಕಿತ್ತು.

ಬಿಚ್ಚಿ ಮತ್ತೆ ಹೆಣೆದಳು. ಅಷ್ಟೇ ಉಳಿಕೆ. ಮೂರನೆಯ ಸಲವೂ ಅಷ್ಟೇ.

ಅವಳಿಗೆ ಆದ ನಿರಾಸೆ ದೊಡ್ಡದು. ಬೇರೆ ಯಾರೋ ಆಗಿದ್ದರೆ ಸುಮ್ಮನೆ ಬಿಡುತ್ತಿದ್ದಳು. ಬಿಡಲಾಗದಷ್ಟು ಹತ್ತಿರದವನು ಎಂದು ಮನಸ್ಸು ಹೇಳಿತು. ತಾನು ಕೆಲಸ ಮಾಡುವ ಕಡೆ ಉಪಕರಣದ ದೋಷವನ್ನು ಬರೆದು ತಿಳಿಸುವುದೇ ಗೌರವ, ಮುಚ್ಚಿಡುವುದು ಅವಮಾನ. ಅವಳು ಒಂದು ಹಾಳೆ ತೆಗೆದುಕೊಂಡು ಆರು ಸುತ್ತುಗಳ ಉಳಿಕೆಯನ್ನು ಪಟ್ಟಿ ಮಾಡಿದಳು. ಕೆಳಗೆ ಹೀಗೆ ಬರೆದಳು: 'ದೋಷ ಎಲ್ಲ ಕಡೆ ನೂರಕ್ಕೆ ಐದರಂತೆ ಒಂದೇ ಪ್ರಮಾಣದಲ್ಲಿದೆ. ಆದ್ದರಿಂದ ಇದು ಕೈತಪ್ಪಲ್ಲ. ನಿಮ್ಮ ಚೌಕಟ್ಟಿನ ಅಳತೆ ತಪ್ಪಿರಬೇಕು. ಪರಿಶೀಲಿಸಿ.'

ಹಾಳೆಯನ್ನೂ ಉಳಿದ ಉಂಡೆಗಳನ್ನೂ ಗುರುವಾರ ಅಣ್ಣನ ಕೈಯಲ್ಲಿ ಕಳುಹಿಸಿದಳು. ಬಣ್ಣಗಾರ ಚೌಕಟ್ಟನ್ನು ಸರಿಪಡಿಸಿ, ಅದೇ ದಾರವನ್ನು ಮತ್ತೆ ಮಾಡಿಕೊಡುವನೆಂದೂ, ಶನಿವಾರ ಇಬ್ಬರೂ ಸೇರಿ ನಗುವರೆಂದೂ ಅವಳ ಲೆಕ್ಕ.

ಶುಕ್ರವಾರ ಉತ್ತರ ಬಂತು. ಚಿಕ್ಕ ಚೀಟಿ.

'ಚೌಕಟ್ಟು ಮೂರು ಸಲ ಅಳೆದೆ. ಸರಿಯಾಗಿದೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.'

ಅವಳು ಚೀಟಿಯನ್ನು ಎರಡು ಸಲ ಓದಿದಳು. ಮೂರು ಸಲದ ಅಳತೆಯ ಸಾಕ್ಷ್ಯ ಎದುರಿಗಿದ್ದರೂ ಒಪ್ಪದ ಹಟಮಾರಿ! ತಪ್ಪಾಗಿದ್ದರೆ ತಪ್ಪಾಯಿತು ಎನ್ನಲಿ. ತಪ್ಪಿಲ್ಲದಿದ್ದರೆ ಕ್ಷಮೆ ಏಕೆ ಕೇಳಬೇಕು?

ಆ ಶನಿವಾರ ಅವಳು ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಹೋಗಲಿಲ್ಲ.

"ಯಾಕೆ ಮಿಲಿಮೀಟರಮ್ಮ, ದಾರದಂಗಡಿ ದಾರಿ ಮುಚ್ಚಿದ್ದಾರಾ?" ಎಂದು ಅತ್ತಿಗೆ ಬಟ್ಟೆ ಮಡಿಸುತ್ತಾ ಕೇಳಿದಳು.

"ಅಲ್ಲಿ ಅಳತೆ ಸರಿಯಿಲ್ಲ ಅತ್ತಿಗೆ."

"ಅಳತೆ ಸರಿಯಿಲ್ಲದ ಮನುಷ್ಯನ ಜೊತೆ ಹತ್ತು ವರ್ಷದಿಂದ ಸಂಸಾರ ಮಾಡ್ತಿದ್ದೀನಿ ನಾನು. ನಿಮ್ಮಣ್ಣನಿಗೆ ಇವತ್ತಿಗೂ ಬಟ್ಟೆ ಮಡಿಸೋಕೆ ಬರಲ್ಲ. ಸತ್ತಿದ್ದೀನಾ?"

ಅವಳು ನಗಲಿಲ್ಲ. ಅತ್ತಿಗೆ ಅಂಗಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದಳು.

ಒಂಬತ್ತನೆಯ ಶನಿವಾರ ಕಳೆದ ಮೇಲೆ ಬಂದ ಗುರುವಾರ, ಕನ್ನಡಕದಂಗಡಿಗೆ ದೊಡ್ಡಮ್ಮ ಬಂದಳು. ಓದುವ ಕನ್ನಡಕ ಬದಲಾಯಿಸಬೇಕೆಂದಳು. ಕಣ್ಣಿನ ಪರೀಕ್ಷೆ ಮುಗಿಸಿ, ಅಂತರ ಅಳೆಯಲು ಅವಳ ಮುಂದೆ ಬಂದು ಕುಳಿತಳು. ಈ ಅಳತೆಯಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಬ್ಬರ ಕಣ್ಣನ್ನು ಒಬ್ಬರು ನೆಟ್ಟಗೆ ನೋಡಲೇಬೇಕು.

"ಅರವತ್ತೊಂದು," ಎಂದು ಅವಳು ಬರೆದುಕೊಂಡಳು.

"ಸೋಮವಾರ ಊರು ಬಿಡ್ತಿದ್ದಾನೆ ಕಣಮ್ಮ," ಎಂದಳು ದೊಡ್ಡಮ್ಮ.

ಅವಳ ಪೆನ್ನು ನಿಂತಿತು.

ದೊಡ್ಡಮ್ಮ ಒಂದೊಂದಾಗಿ ಹೇಳುತ್ತ ಹೋದಳು. ದೂರದ ಊರಿನ ದೊಡ್ಡ ಮಿಲ್ಲಿನ ಬಣ್ಣದ ವಿಭಾಗಕ್ಕೆ ಅವನನ್ನು ಕರೆದು ಎರಡು ತಿಂಗಳಾಗಿತ್ತು. ಅವನು ಅಳೆದೂ ಸುರಿದೂ ದಿನ ದೂಡಿದ್ದ. ಮೊದಲು ಈ ದಾರ ಮುಗಿಯಲಿ, ಅದು ಕನ್ನಡಕದಂಗಡಿಯವರಿಗೆ ಒಪ್ಪಿಗೆಯಾದರೆ ಒಂದು ಮಾತು ಕೇಳುವುದಿದೆ ಎಂದಿದ್ದನಂತೆ. ದಾರ ವಾಪಸ್ಸು ಬಂತು. ಹಾಳೆಯೂ ಬಂತು. ಅದನ್ನು ಓದಿದವನು ಉಕ್ಕಿನ ಟೇಪು ಹಿಡಿದು ಚೌಕಟ್ಟನ್ನು ಮೂರು ಸಲ ಅಳೆದ. ಆಮೇಲೆ, ಅವರಿಗೆ ಬೇಡ ಅಂತ ಇಷ್ಟು ಮರ್ಯಾದೆಯಾಗಿ ಹೇಳಿದ್ದಾರೆ ದೊಡ್ಡಮ್ಮ, ಎಂದನಂತೆ. ಶನಿವಾರ ಸಂಜೆ ಮಿಲ್ಲಿಗೆ ಒಪ್ಪಿಗೆ ತಿಳಿಸುವವನಿದ್ದ.

"ಬೇಡ ಅಂತ ನಾನು ಬರೀಲಿಲ್ಲ," ಎಂದಳು ಅವಳು. "ಅಳತೆ ನೋಡಿ ಅಂತ ಬರೆದೆ."

"ನಿಮ್ಮಿಬ್ಬರಿಗೂ ದೇವರು ಬಾಯಿ ಕೊಡೋ ಬದಲು ಟೇಪು ಕೊಟ್ಟುಬಿಟ್ಟಿದ್ದಾನೆ. ಆ ದಾರ ಮಾಡೋಕೆ ಮುಂಚೆ ನೀನು ಬಿಟ್ಟುಹೋದ ಬಿಳಿ ಚೌಕ ಎದುರಿಗಿಟ್ಟುಕೊಂಡು ಅವನು ಎರಡು ದಿನ ಕೂತಿದ್ದ ಕಣೇ. ಆಮೇಲೆ ಸುತ್ತು ಸುತ್ತೂ ಬಿಚ್ಚಿ ಅಳೆದ. ಒಗೆದ್ರೆ ನೂರಕ್ಕೆ ಎರಡು ಕುಗ್ಗುತ್ತೆ ಅಂತ ಅದನ್ನೂ ಸೇರಿಸಿದ. ಅಳತೆ ತಪ್ಪೋದು ಹೇಗೆ?"

ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ಅವನು ಪುಸ್ತಕದ ಲೆಕ್ಕ ನೋಡಿ ದಾರ ಮಾಡಿರಬೇಕೆಂದು ಅವಳು ತಿಳಿದಿದ್ದಳು. ಅವನು ಅಳೆದದ್ದು ಅವಳದೇ ಕೈಯ ಚೌಕ. ಅಲ್ಲಿಯ ಕೈಯೂ ಅವಳದೇ, ಮನೆಯ ಕೈಯೂ ಅವಳದೇ. ಚೌಕಟ್ಟು ಸರಿಯಿದ್ದರೆ ವ್ಯತ್ಯಾಸ ಬಂದದ್ದು ಎಲ್ಲಿಂದ?

ಬಿಗಿಯಾಗಿ ಹೆಣೆದರೆ ದಾರ ಕಡಿಮೆ ಹಿಡಿಯುತ್ತದೆ, ಬಣ್ಣ ಮಿಕ್ಕುತ್ತದೆ. ಸಡಿಲ ಹೆಣೆದರೆ ದಾರ ಹೆಚ್ಚು ಹಿಡಿಯುತ್ತದೆ, ಬಣ್ಣ ಸಾಲದೆ ಬರುತ್ತದೆ. ಇಷ್ಟು ಅವಳಿಗೆ ಮೊದಲೇ ತಿಳಿದಿತ್ತು. ತನ್ನ ಕೈ ಬದಲಾಗಬಹುದೆಂದು ಮಾತ್ರ ಹೊಳೆದಿರಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಅವಳು ಅಂಗಳ ಎಷ್ಟು ಡೊಂಕೆಂದು ಪಟ್ಟಿ ಮಾಡಿ, ಅಂಗಳ ಹಾಕಿದವನಿಗೇ ಕಳುಹಿಸಿಕೊಟ್ಟಿದ್ದಳು.

ಹತ್ತನೆಯ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ.

ಬಣ್ಣಗಾರ ಹಿಂದಿನ ಕೋಣೆಯಲ್ಲಿ ಪಾತ್ರೆಗಳನ್ನು ಉಜ್ಜಿ ಬೋರಲು ಹಾಕುತ್ತಿದ್ದ. ಎರಡು ಪೆಟ್ಟಿಗೆಗಳನ್ನು ಕಟ್ಟಿಟ್ಟಾಗಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಅವನು ನೆಟ್ಟಗೆ ನಿಂತ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳು ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಎಲ್ಲವೂ ಮರೆತುಹೋದವು.

"ನನಗೆ ಆ ದಾರ ಬೇಕು. ಮತ್ತೆ ಈ ಬೆಂಚು. ಮುಕ್ಕಾಲು ಗಂಟೆ."

ಅವನು ಏಕೆಂದು ಕೇಳಲಿಲ್ಲ. ಒಂದು ಪೆಟ್ಟಿಗೆಯನ್ನು ಬಿಚ್ಚಿ, ಬಟ್ಟೆಗಳ ಕೆಳಗಿನಿಂದ ಉಂಡೆ ತೆಗೆದುಕೊಟ್ಟ. ತನ್ನೊಡನೆ ಒಯ್ಯಲು ಇಟ್ಟುಕೊಂಡಿದ್ದನೆಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಮುಖದಲ್ಲಿ ತೋರಿಸದಿರಲು ಅವಳು ತಲೆ ತಗ್ಗಿಸಿದಳು.

ನಾಲ್ಕು ಸುತ್ತು ಸಾಕೆಂದು ಅವಳು ನಿರ್ಧರಿಸಿದ್ದಳು. ಅವನು ಪಾತ್ರೆ ಉಜ್ಜುವುದನ್ನು ಮುಂದುವರಿಸಿದ. ಮಿಲ್ಲಿನ ಊರಿಗೆ ಎಷ್ಟು ಗಂಟೆಯ ಪ್ರಯಾಣವೆಂದು ಅವಳು ಕೇಳಿದಳು. ಹದಿನಾಲ್ಕು ಎಂದ. ನೀಲಿ ಮುಗಿದ ಜಾಗ ನಾಲ್ಕನೆಯ ಸುತ್ತಿನ ಕೊನೆಯ ಮೂಲೆಗೆ ಬಂತು. ಉಳಿಕೆ ಒಂದು ಸೆಂಟಿಮೀಟರ್.

ಅವಳು ಅದನ್ನು ಬರೆದುಕೊಂಡಳು.

"ಈಗ ನೀವು ಹೊರಗೆ ಹೋಗಬೇಕು," ಎಂದಳು.

"ಎಲ್ಲಿಗೆ?"

"ರಸ್ತೆಗೆ. ಇಪ್ಪತ್ತು ನಿಮಿಷ. ಕಿಟಕಿ ಹತ್ತಿರ ನಿಲ್ಲಬಾರದು, ಕಾಣಿಸಬಾರದು."

ಬಣ್ಣಗಾರ ಒದ್ದೆ ಕೈಯಲ್ಲಿ ಮರದ ಸೌಟು ಹಿಡಿದುಕೊಂಡೇ ಹೊರಗೆ ಹೋದ. ಎದುರಿನ ಪುಸ್ತಕದಂಗಡಿಯ ಮುಂದೆ ಸೌಟು ಹಿಡಿದು ನಿಂತವನನ್ನು ಎರಡು ಮೂರು ಜನ ತಿರುಗಿ ತಿರುಗಿ ನೋಡಿದರು. ಹುಷಾರಿದ್ದೀರಾ ಎಂದು ಒಬ್ಬರು ಕೇಳಿಯೂ ಬಿಟ್ಟರು. ಇತ್ತ ದೊಡ್ಡಮ್ಮ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ, ಹೊಸ ಕನ್ನಡಕದ ಮೇಲಿನಿಂದ ಇದನ್ನೆಲ್ಲ ನೋಡುತ್ತ, ಒಂದು ಮಾತೂ ಆಡದೆ ಕುಳಿತಿದ್ದಳು. ಅದು ಆಕೆಯ ಜೀವನದಲ್ಲೇ ಅತಿ ಕಷ್ಟದ ಇಪ್ಪತ್ತು ನಿಮಿಷವಾಗಿತ್ತು.

ಅದೇ ಬೆಂಚು. ಅದೇ ಕಡ್ಡಿ. ಅದೇ ಉಂಡೆ. ದೊಡ್ಡಮ್ಮನೂ ಅಲ್ಲೇ.

ಅವಳು ಕಂಬ ಎಳೆದಂತೆ ಬೆರಳು ತಾನಾಗಿಯೇ ಎಳೆಯನ್ನು ಬಿಗಿಹಿಡಿಯುತ್ತಿದ್ದುದನ್ನು ಈಗ ಮೊದಲ ಬಾರಿಗೆ ಗಮನಿಸಿದಳು. ಸಡಿಲಿಸಲು ಅವಳು ಪ್ರಯತ್ನಿಸಲಿಲ್ಲ. ಪ್ರಯತ್ನಿಸಿದರೆ ಪರೀಕ್ಷೆ ಕೆಡುತ್ತದೆ. ನಾಲ್ಕನೆಯ ಸುತ್ತು ಮುಗಿಯಿತು. ನೀಲಿ ಮಿಕ್ಕಿತ್ತು. ಅಳೆದಳು.

ಮೂವತ್ನಾಲ್ಕು.

ಕಣ್ಣು ಮಂಜಾಯಿತು. ಅಂಕಿ ಸರಿಯಾಗಿ ಕಾಣಲೆಂದು ಒರೆಸಿಕೊಂಡು ಮತ್ತೆ ನೋಡಿದಳು. ಮೂವತ್ನಾಲ್ಕೇ.

"ಕರೀಲಾ?" ಎಂದು ದೊಡ್ಡಮ್ಮ ಪಿಸುಗುಟ್ಟಿದಳು.

ಅವಳು ತಲೆಯಾಡಿಸಿದಳು.

ಅವನು ಒಳಗೆ ಬಂದು ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅವಳು ಎರಡೂ ಚೌಕಗಳನ್ನು ಬೆಂಚಿನ ಮೇಲೆ ಪಕ್ಕ ಪಕ್ಕ ಇಟ್ಟಳು. ಒಂದರಲ್ಲಿ ನಾಲ್ಕು ಬಣ್ಣ, ನಾಲ್ಕು ಶುದ್ಧ ಸುತ್ತು. ಇನ್ನೊಂದು ಚಿಕ್ಕದು, ಅದರಲ್ಲಿ ಕಿತ್ತಳೆ ಕೆಂಪಿಗೂ, ಕೆಂಪು ನೀಲಿಗೂ ನುಗ್ಗಿತ್ತು.

"ನಿಮ್ಮ ಚೌಕಟ್ಟು ಸರಿಯಾಗಿದೆ," ಎಂದಳು. "ತಪ್ಪು ನನ್ನ ಕೈಯದು. ಮನೇಲಿ ಬಿಗಿಯಾಗುತ್ತೆ. ಇಲ್ಲೂ ಬಿಗಿಯಾಗುತ್ತೆ... ನೀವು ಆಚೆ ಹೋದಾಗ."

ಅವನು ಚೌಕಗಳನ್ನು ನೋಡಿದ. ಬಹಳ ಹೊತ್ತು ನೋಡಿದ.

"ನಾನು ಒಳಗಿದ್ದಾಗ ಎಷ್ಟು ಉಳೀತು?"

"ಒಂದು ಸೆಂಟಿಮೀಟರ್."

"ಆಚೆ ಇದ್ದಾಗ?"

"ಮೂವತ್ನಾಲ್ಕು. ಆದ್ರೆ ಎರಡನೇದು ಸುಸ್ತಿಗೆ ಬಿಗಿಯಾಗಿರಬಹುದು. ಇನ್ನೊಂದು ಹೆಣೆದು ನೋಡ್ಬೇಕು, ನೀವು ಇರೋವಾಗ. ಆರೂ ಸುತ್ತು."

"ಹೆಣೀರಿ."

ಅವನು ಸೌಟನ್ನು ಕೆಳಗಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಅವಳು ಹೆಣೆದಳು. ಹಳದಿ ಮುಗಿಯಿತು, ಸುತ್ತೂ ಮುಗಿಯಿತು. ಕಿತ್ತಳೆ ಮುಗಿಯಿತು, ಸುತ್ತೂ ಮುಗಿಯಿತು. ದೊಡ್ಡಮ್ಮ ಮುಂದಿನ ಕೋಣೆಗೆ ಹೋಗಿ, ಅಲ್ಲಿ ಯಾರೂ ಇಲ್ಲದಿದ್ದರೂ ಗಿರಾಕಿಯೊಡನೆ ಮಾತಾಡುವಂತೆ ಸದ್ದು ಮಾಡತೊಡಗಿದಳು.

"ನಿಮ್ಮ ಚೌಕ ಬಿಚ್ಚೋಕೆ ನನಗೆ ಮನಸ್ಸು ಬಂದಿರಲಿಲ್ಲ," ಎಂದು ಅವನು ನೆಲ ನೋಡುತ್ತ ಹೇಳಿದ. "ಬಿಚ್ಚದೆ ಅಳೆಯೋಕಾಗಲ್ಲ. ಅದಕ್ಕೇ ಬಿಚ್ಚಿದೆ. ಆ ದಾರ ಈಗ್ಲೂ ಹಾಗೇ ಇಟ್ಟಿದ್ದೀನಿ, ಬಣ್ಣ ಹಾಕಿಲ್ಲ."

ಕೆಂಪು ಮುಗಿಯಿತು. ನೀಲಿ ಆರಂಭವಾಯಿತು.

"ಆ ಹಾಳೇನ ನಾನು ಸಿಟ್ಟಲ್ಲಿ ಬರೆದಿದ್ದಲ್ಲ," ಎಂದಳು ಅವಳು. "ನೀವು ಮತ್ತೆ ಮಾಡಿಕೊಡ್ತೀರಿ ಅಂತ ಕಾದಿದ್ದೆ. ಬೇರೆ ಯಾರ ಕೆಲಸಾನೂ ನಾನು ಅಷ್ಟು ಹೊತ್ತು ಅಳೆದಿಲ್ಲ."

"ಬೇಡ ಅಂತ ಹೇಳಿದ್ರಿ ಅಂದ್ಕೊಂಡೆ."

"ನನಗೆ ಬೇಡ ಅನ್ನೋದಿದ್ರೆ ಒಂದೇ ಸಾಲು ಸಾಕು. ಪಟ್ಟಿ ಹಾಕಲ್ಲ."

ಅವನು ನಕ್ಕ. ನೀಲಿ ಸರಿಯಾಗಿ ಮೂಲೆಗೆ ಬಂದು ನಿಂತಿತು. ಐದನೆಯ ಸುತ್ತಿನ ನೇರಳೆ ಹಿಡಿಯುತ್ತ ಅವಳು ಕೇಳಿದಳು, ಸೋಮವಾರದ ಪ್ರಯಾಣ ಏನಾಯಿತೆಂದು. ನೀವು ಹೇಳಿದ ಹಾಗೆ ಎಂದ ಅವನು. ಅದು ಉತ್ತರವಲ್ಲ ಎಂದಳು ಅವಳು. ಅವನು ಈ ಸಲ ಅವಳ ಮುಖ ನೋಡಿ ಮಾತಾಡಿದ.

"ಹೋಗೋಕೆ ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ. ಇಲ್ಲಿದ್ದು ನಿಮ್ಮನ್ನ ಬೇರೆ ಗಿರಾಕಿ ಥರ ನೋಡೋಕಾಗಲ್ಲ ಅಂತ ಹೊರಟಿದ್ದೆ."

"ಹಾಗಾದ್ರೆ ಹೋಗ್ಬೇಡಿ."

"ಮಿಲ್ಲಿನವರಿಗೆ ನಾನೇ ಫೋನ್ ಮಾಡ್ತೀನಿ, ನಿನಗೆ ಮಾತು ಬರಲ್ಲ," ಎಂದು ಮುಂದಿನ ಕೋಣೆಯಿಂದ ದೊಡ್ಡಮ್ಮನ ಧ್ವನಿ ಕೇಳಿಸಿತು. ನಂತರ ಆಕೆ ಗಾಜಿನ ಬಾಗಿಲು ತೆರೆದು ಹೊರಗೆ ಹೋದ ಸದ್ದಾಯಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳ ಕಡ್ಡಿ ನಿಲ್ಲಲಿಲ್ಲ.

"ನಾನಿಲ್ಲದಿದ್ರೆ ಈ ದಾರ ನಿಮ್ಮ ಕೈಲಿ ಸರಿ ಬರಲ್ಲ," ಎಂದ ಅವನು.

"ಬರಲ್ಲ."

"ನಲವತ್ತೆಂಟು ಚೌಕ ಅಂದ್ರಲ್ವಾ... ಅಷ್ಟಕ್ಕೂ ನಾ ಪಕ್ಕದಲ್ಲಿ ಕೂತಿರ್ತೀನಿ. ಅದಾದ ಮೇಲೂ. ನನ್ನ ಮದುವೆ ಆಗ್ತೀರಾ?"

ಅವಳು ಒಂದು ಗೊಂಚಲು ಹೆಣೆದಳು. ಇನ್ನೊಂದು ಹೆಣೆದಳು.

"ಆಗ್ತೀನಿ," ಎಂದಳು. "ಈ ಸುತ್ತು ಮುಗಿಸ್ಲಾ?"

"ಮುಗಿಸಿ. ನಾನೆಲ್ಲೂ ಹೋಗಲ್ಲ."

ಅವಳು ಮುಗಿಸಲು ಹೋದಳು. ಸುತ್ತು ಮುಗಿಯಲು ಎರಡು ಗೊಂಚಲು ಬಾಕಿ ಇರುವಾಗಲೇ ನೇರಳೆ ಮುಗಿದು ಹಸಿರು ಬಂದುಬಿಟ್ಟಿತು. ಅವನು ಟೇಪು ತಂದ. ಇಬ್ಬರೂ ಸೇರಿ, ಉಣ್ಣೆಯನ್ನು ಎಳೆಯದೆ ಅಳೆದರು.

ಐದನೆಯ ಸುತ್ತಿನಲ್ಲಿ ಬಣ್ಣ ಮೂವತ್ತೊಂದು ಸೆಂಟಿಮೀಟರ್ ಸಾಲದೆ ಬಂದಿತ್ತು.